90 ದಿನ ಡೆಲಿವರಿ ಮಾಡಿದರೆ ಕೆಲಸ ಕಾಯಂ ಆಗುತ್ತಾ?

2025ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಒಂದು ಕರಡು ನಿಯಮ ಹೊರಡಿಸಿತು. ಊಟ, ದಿನಸಿ, ಪಾರ್ಸೆಲ್ ತಲುಪಿಸುವವರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಮಾಜಿಕ ಭದ್ರತೆಗೆ ಅರ್ಹರು ಅಂತ ಅದರಲ್ಲಿತ್ತು. ಇಂಥ ಸುದ್ದಿ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಥವೇ ಬದಲಾಗಿಬಿಡುತ್ತದೆ. "90 ದಿನ ಮಾಡಿದ್ರೆ ಫುಲ್‌ಟೈಮ್ ಅಂತೆ", "ಕಾಯಂ ಮಾಡ್ತಾರಂತೆ" ಅನ್ನುವ ಮಾತು ಹುಟ್ಟುವುದು ಹೀಗೇ.

ಅದಕ್ಕೂ ಮುಂಚೆ, ಅದೇ ವರ್ಷ, ನಮ್ಮ ರಾಜ್ಯ ಸರ್ಕಾರ ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗೆ ಬೇರೆಯೇ ಒಂದು ಕಾಯ್ದೆ ಮಾಡಿತ್ತು. ಅದರ ಲೆಕ್ಕ ಬೇರೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಬೈಕ್ ಹತ್ತಿದ ಹುಡುಗನಿಗೆ, ಮಂಡ್ಯದಲ್ಲಿ ವ್ಯವಸಾಯದ ಜೊತೆಗೆ ಇದನ್ನೂ ಮಾಡುವವನಿಗೆ, ಮನೆಯವರು ಕೇಳುವ ಪ್ರಶ್ನೆ ಒಂದೇ: "ಇದು ಪೂರ್ತಿ ಕೆಲಸ ಆಗೋದು ಯಾವಾಗ?" ಇದಕ್ಕೆ ಒಂದೇ ಉತ್ತರ ಇಲ್ಲ. ರಸ್ತೆಗೆ ಇಳಿಯಲು ಬೇಕಾದ ದಿನ ಬೇರೆ, ಅದರಿಂದಲೇ ಮನೆ ನಡೆಸಲು ಬೇಕಾದ ದಿನ ಬೇರೆ, ಕಾನೂನಿನ ಕಣ್ಣಿಗೆ ಬೀಳಲು ಬೇಕಾದ ದಿನ ಬೇರೆ. ಕಾಯಂ ಆಗುವ ಮಾತು ಇನ್ನೂ ಬೇರೆ.

ರಸ್ತೆಗೆ ಇಳಿಯುವುದು ಸುಲಭ

ಡಿಎಲ್ ಮತ್ತು ಗಾಡಿ ಇದ್ದವರಿಗೆ ಇದು ಕೆಲವೇ ದಿನದ ಮಾತು. ಆ್ಯಪ್ ಹಾಕಿಕೊಂಡು ಆಧಾರ್, ಪ್ಯಾನ್, ಡಿಎಲ್, ಆರ್‌ಸಿ, ಬ್ಯಾಂಕ್ ಖಾತೆಯ ವಿವರ ಕೊಡಬೇಕು. ಒಂದು ಸೆಲ್ಫಿ ತೆಗೆಯಬೇಕು. ಟೀ ಶರ್ಟು, ಬ್ಯಾಗಿಗೆ ಅಂತ ಒಂದಿಷ್ಟು ದುಡ್ಡು ಹಿಡಿಯುವುದೂ ಉಂಟು. ಸಾಮಾನ್ಯವಾಗಿ ವಾರದೊಳಗೆ ಮೊದಲ ಆರ್ಡರ್ ಬಂದಿರುತ್ತದೆ.

ಡಿಎಲ್ ಇಲ್ಲದವರಿಗೆ ಕಾಯುವ ಕೆಲಸ ಇದೆ. ಮೊದಲು ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಮಾಡಿಸಬೇಕು. ಅದು 6 ತಿಂಗಳು ಚಾಲ್ತಿಯಲ್ಲಿರುತ್ತದೆ, ಆದರೆ 30 ದಿನ ಕಳೆಯುವ ತನಕ ಟೆಸ್ಟ್ ಕೊಡುವ ಹಾಗಿಲ್ಲ. ಆಮೇಲೆ ಆರ್‌ಟಿಓದಲ್ಲಿ ಸ್ಲಾಟ್ ಸಿಗಬೇಕು, ಪಾಸಾಗಬೇಕು, ಕಾರ್ಡ್ ಕೈಗೆ ಬರಬೇಕು. ಒಂದೂವರೆ ಎರಡು ತಿಂಗಳು ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಗೇರ್ ಗಾಡಿಗೆ 18 ವರ್ಷ ತುಂಬಿರಬೇಕು. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಮೀರದ ಎಲೆಕ್ಟ್ರಿಕ್ ಸ್ಕೂಟರಿಗೆ ಮಾತ್ರ ಡಿಎಲ್ಲೂ ಬೇಡ, ನೋಂದಣಿಯೂ ಬೇಡ.

ಪಾರ್ಸೆಲ್ ವ್ಯಾನ್, ಟಾಟಾ ಏಸ್ ಓಡಿಸುವವರಿಗೆ 20 ವರ್ಷ ಆಗಿರಬೇಕು. ಲಘು ವಾಹನದ ಡಿಎಲ್ ಇದ್ದವರಿಗೆ ಸರಕು ಗಾಡಿ ಓಡಿಸಲು ಬೇರೆ ಅನುಮತಿ ಬೇಕಾ ಅನ್ನುವ ಜಗಳ ವರ್ಷಗಟ್ಟಲೆ ನಡೆದಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. 7,500 ಕಿಲೋ ಒಳಗಿನ ಗಾಡಿಗೆ ಬೇರೆ ಅನುಮತಿ ಬೇಡ.

ಹೊಟ್ಟೆ ತುಂಬಿಸುವುದು ನಿಧಾನ

ಕಷ್ಟ ಶುರುವಾಗುವುದು ಇಲ್ಲಿ. ರಾತ್ರಿ ಎಂಟೂವರೆ ಅಂದುಕೊಳ್ಳಿ. ಸರಸ್ವತಿಪುರಂನ ಒಂದು ಹೋಟೆಲಿನಿಂದ ವಿಜಯನಗರ 4ನೇ ಹಂತಕ್ಕೆ ಆರ್ಡರ್. ಕೌಂಟರಿನ ಪಕ್ಕ ಹತ್ತು ಹನ್ನೆರಡು ನಿಮಿಷ ನಿಲ್ಲಬೇಕು, ಪಾರ್ಸೆಲ್ ಇನ್ನೂ ಕಟ್ಟಿಲ್ಲ. ಆರೇಳು ಕಿಲೋಮೀಟರ್ ಓಡಿಸಿ ಹೋದರೆ ಮ್ಯಾಪ್ ಒಂದು ಕ್ರಾಸ್ ಮುಂಚೆಯೇ "ತಲುಪಿದಿರಿ" ಅನ್ನುತ್ತದೆ. ಫೋನ್ ಮಾಡಿದರೆ, "ಗಣಪತಿ ದೇವಸ್ಥಾನ ಇದೆಯಲ್ಲ, ಅದರ ಹಿಂದಿನ ರಸ್ತೆ, ಹಸಿರು ಗೇಟು" ಅನ್ನುತ್ತಾರೆ. ಮೈಸೂರಿನ ಬಡಾವಣೆಗಳಲ್ಲಿ ಹಂತ, ಮೇನ್, ಕ್ರಾಸ್, ಹಳೇ ನಂಬರ್, ಹೊಸ ನಂಬರ್ ಎಲ್ಲ ಸೇರಿ ಹೊಸಬರನ್ನು ಸುಸ್ತು ಮಾಡುತ್ತವೆ. ತಲುಪಿಸಿದ ಮೇಲೆ ಹೋಟೆಲುಗಳು ಜಾಸ್ತಿ ಇರುವ ಕಡೆಗೆ ವಾಪಸ್ ಬರಬೇಕು. ಆ ಖಾಲಿ ಓಟಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಪೆಟ್ರೋಲ್ ಮಾತ್ರ ಸುಡುತ್ತದೆ.

ಆರು ತಿಂಗಳು ಓಡಿಸಿದವರಿಗೆ ಆ ಗಲ್ಲಿ ಗೊತ್ತು. ಯಾವ ಹೋಟೆಲಿನಲ್ಲಿ ತಡ ಆಗುತ್ತದೆ, ಮಧ್ಯಾಹ್ನ ಎಲ್ಲಿ ನಿಂತರೆ ಆರ್ಡರ್ ಬೀಳುತ್ತದೆ, ಯಾವ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಳಗೆ ಬಿಡುವುದಿಲ್ಲ, ಇದೆಲ್ಲ ಅವರ ತಲೆಯಲ್ಲಿರುತ್ತದೆ. ಹೊಸಬರು ನಾಲ್ಕು ಆರ್ಡರ್ ಮುಗಿಸುವ ಹೊತ್ತಿಗೆ ಹಳಬರು ಆರು ಮುಗಿಸಿರುತ್ತಾರೆ. ಇದು ಕಲಿಕೆ. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ಸ್ಟೈಪೆಂಡೂ ಇಲ್ಲ.

ಈಗ ಖರ್ಚು ನೋಡೋಣ. ದಿನಕ್ಕೆ 100 ಕಿಲೋಮೀಟರ್ ಓಡಿಸಿ 900 ರೂಪಾಯಿ ಬಂತು ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕಿಗೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಲೀಟರ್ ಬೆಲೆ ನೂರು ದಾಟಿರುವಾಗ ಅಲ್ಲಿಗೇ 225 ರೂಪಾಯಿ ಹೋಯಿತು. ತಿಂಗಳಿಗೆ 26 ದಿನ ಓಡಿಸಿದರೆ 2,600 ಕಿಲೋಮೀಟರ್. ಮನೆಬಳಕೆಯ ಬೈಕಿಗೆ ವರ್ಷಕ್ಕೆ ಎರಡು ಮೂರು ಸಲ ಎಂಜಿನ್ ಆಯಿಲ್ ಹಾಕಿಸಿದರೆ ಸಾಕು, ಇಲ್ಲಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಟೈರು, ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ ಎಲ್ಲವೂ ಅದೇ ವೇಗದಲ್ಲಿ ಸವೆಯುತ್ತವೆ. ಮೊದಲ ತಿಂಗಳು ಈ ಖರ್ಚು ಕಾಣುವುದಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಒಂದೇ ಸಲ ಬಂದು ನಿಲ್ಲುತ್ತದೆ. ಅಲ್ಲಿಯ ತನಕ ಕೈಗೆ ಬಂದದ್ದನ್ನೆಲ್ಲ ಸಂಬಳ ಅಂದುಕೊಂಡವರು ಆಗ ಸಾಲ ಮಾಡಬೇಕಾಗುತ್ತದೆ.

ಮಂಡ್ಯದ ಲೆಕ್ಕ ಇನ್ನೂ ಬಿಗಿ. ಅಲ್ಲಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ದಿನಾ ಬಂದು ಹೋದರೆ ಒಂದು ಆರ್ಡರ್ ಇಲ್ಲದೆಯೇ 90 ಕಿಲೋಮೀಟರ್ ಪೆಟ್ರೋಲ್ ಖರ್ಚು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಅಪಘಾತ ಆದ ಮೇಲೆ ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಓಡಿಸುವುದು ಬಿಳಿ ಬೋರ್ಡಿನ ಸ್ವಂತ ಗಾಡಿ. ಅಂಥ ಗಾಡಿಯ ಸಾಮಾನ್ಯ ವಿಮೆ ಪಾಲಿಸಿಯಲ್ಲಿ ಬಾಡಿಗೆಗಾಗಿ, ಸರಕು ಸಾಗಿಸಲು ಬಳಸಿದರೆ ಅನ್ವಯಿಸುವುದಿಲ್ಲ ಅನ್ನುವ ಷರತ್ತು ಇರುತ್ತದೆ. ಡೆಲಿವರಿ ಮಾಡುವಾಗ ಗಾಡಿ ಜಖಂ ಆದರೆ ವಿಮಾ ಕಂಪನಿ ಕ್ಲೈಮ್ ತಿರಸ್ಕರಿಸಬಹುದು. ಫುಲ್‌ಟೈಮ್ ಇಳಿಯುವ ಮುಂಚೆ ಪಾಲಿಸಿಯ ಈ ಸಾಲನ್ನು ಓದಲೇಬೇಕು.

ದಸರಾ ಸಮಯದಲ್ಲಿ ಊರಿಗೆ ಜನ ಬರುತ್ತಾರೆ, ಆದರೆ ಅರಮನೆ ಸುತ್ತಲ ರಸ್ತೆಗಳು ಬಂದ್. ಪರೀಕ್ಷೆ ಮುಗಿದು ಹಾಸ್ಟೆಲ್, ಪಿಜಿಗಳು ಖಾಲಿಯಾದಾಗ ಆರ್ಡರ್ ಇಳಿಯುತ್ತದೆ. ಮಳೆ ಬಂದರೆ ರೇಟು ಜಾಸ್ತಿ, ಬೀಳುವ ಭಯವೂ ಜಾಸ್ತಿ. ಹಾಗಾಗಿ ಕನಿಷ್ಠ ಆರು ತಿಂಗಳು ಖರ್ಚು ವೆಚ್ಚ ಬರೆದಿಟ್ಟು ನೋಡದೆ, ಈಗಿರುವ ಕೆಲಸ ಬಿಡುವುದು ಸರಿಯಲ್ಲ ಅನ್ನಿಸುತ್ತದೆ.

240ರ ನೆನಪು ತಂದ ಗೊಂದಲ

90 ದಿನ ಅಂದ ಕೂಡಲೇ ಕಾಯಂ ಅನ್ನುವ ಮಾತು ಯಾಕೆ ಬಂತು? ಇದಕ್ಕೆ ಹಳೆಯ ಕಾರಣ ಇದೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ದುಡಿದ ತಲೆಮಾರಿಗೆ 240 ಅನ್ನುವುದು ಬಾಯಿಪಾಠ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ಒಂದು ವರ್ಷ ಸತತ ಸೇವೆ ಮಾಡಿದವರು ಅಂತ ಲೆಕ್ಕ ಹಿಡಿಯುತ್ತಿದ್ದರು. ಹಾಗೆ ಆದವರನ್ನು ತೆಗೆಯಬೇಕಾದರೆ ತಿಂಗಳ ನೋಟಿಸ್ ಮತ್ತು ಪರಿಹಾರ ಕೊಡಬೇಕಿತ್ತು. ಆ ಕಾನೂನಿನಲ್ಲೂ 240 ದಿನ ಅಂದರೆ ತಾನಾಗೇ ಕಾಯಂ ಅಂತ ಇರಲಿಲ್ಲ. ಆದರೂ ಜನರ ಮಾತಿನಲ್ಲಿ ಅದು ಕಾಯಂ ಆಗುವ ಗೆರೆ. ಗುತ್ತಿಗೆದಾರರು 240 ಮುಟ್ಟುವ ಮುಂಚೆ "ಬ್ರೇಕ್" ಕೊಟ್ಟು ಮನೆಗೆ ಕಳಿಸುತ್ತಿದ್ದದ್ದೂ ಇದೇ ಕಾರಣಕ್ಕೆ.

ಹಾಗಾಗಿ ಸರ್ಕಾರ 90 ಅಂದಾಗ ಜನ ಅದನ್ನು 240ರ ತಮ್ಮ ಅಂತ ತಿಳಿದುಕೊಂಡರು. ಎರಡಕ್ಕೂ ಸಂಬಂಧ ಇಲ್ಲ. 240 ನೌಕರರ ಲೆಕ್ಕ. 90 ಇರುವುದು 2020ರ ಸಾಮಾಜಿಕ ಭದ್ರತಾ ಸಂಹಿತೆಯಡಿ, ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಗಿಗ್ ಕಾರ್ಮಿಕ ಅಂದರೆ ಮಾಲೀಕ ಮತ್ತು ನೌಕರ ಅನ್ನುವ ಸಾಂಪ್ರದಾಯಿಕ ಸಂಬಂಧದ ಹೊರಗೆ ದುಡಿಯುವವರು ಅಂತ ಆ ಸಂಹಿತೆಯೇ ಹೇಳುತ್ತದೆ. ಅಲ್ಲಿಗೆ ವಿಷಯ ಸ್ಪಷ್ಟ. 90 ಅಲ್ಲ, 900 ದಿನ ಓಡಿಸಿದರೂ ಈ ಸಂಹಿತೆಯ ಪ್ರಕಾರ ಅವರು ನೌಕರರಲ್ಲ. ದಿನಗಳಿಗೆ ಪ್ರತಿಯಾಗಿ ಸಿಗಬಹುದಾದದ್ದು ಅಪಘಾತ, ಜೀವ ಮತ್ತು ಅಂಗವೈಕಲ್ಯ ವಿಮೆ, ಆರೋಗ್ಯ, ವೃದ್ಧಾಪ್ಯದ ರಕ್ಷಣೆಯಂಥ ಯೋಜನೆಗಳ ಬಾಗಿಲು.

ಕ್ಯಾಲೆಂಡರ್ ಹಿಡಿದು ನೋಡಿದರೆ

ಇಲ್ಲಿ ಹೇಳುತ್ತಿರುವುದು ಕರಡಿನ ಲೆಕ್ಕ. ಹಿಂದಿನ ಹಣಕಾಸು ವರ್ಷದಲ್ಲಿ ಒಂದೇ ಕಂಪನಿಯ ಜೊತೆ ಕನಿಷ್ಠ 90 ದಿನ, ಒಂದಕ್ಕಿಂತ ಹೆಚ್ಚು ಕಂಪನಿ ಆದರೆ ಒಟ್ಟು 120 ದಿನ ದುಡಿದಿರಬೇಕು. ದುಡಿಮೆ ಎಷ್ಟೇ ಕಡಿಮೆ ಇರಲಿ, ಆ ದಿನ ಒಂದಿಷ್ಟು ಸಂಪಾದನೆ ಆಗಿದ್ದರೆ ಅದು ಒಂದು ದಿನ. ಒಂದೇ ದಿನ ಮೂರು ಆ್ಯಪ್‌ಗಳಲ್ಲಿ ದುಡಿದರೆ ಮೂರು ದಿನ ಅಂತ ಲೆಕ್ಕ. 60 ವರ್ಷ ಆದ ಮೇಲೆ ಅರ್ಹತೆ ಇಲ್ಲ.

ಭಾನುವಾರ ಮಾತ್ರ ಓಡಿಸುವ ವಿದ್ಯಾರ್ಥಿಗೆ ವರ್ಷಕ್ಕೆ 52 ದಿನ. ಸಾಲದು. ಶನಿವಾರವನ್ನೂ ಸೇರಿಸಿಕೊಂಡರೆ 104, ಗೆರೆ ದಾಟಿದ. ಅದೇ ವಿದ್ಯಾರ್ಥಿ ಭಾನುವಾರ ಎರಡು ಆ್ಯಪ್ ಹಾಕಿಕೊಂಡು ಓಡಿಸಿದರೂ 104, ಆದರೆ ಈಗ ಬೇಕಾದ್ದು 120. ದಾಟಲಿಲ್ಲ.

ವಾರಕ್ಕೆ ಆರು ದಿನ ದುಡಿಯುವವರಿಗೆ 90 ಮುಟ್ಟಲು 15 ವಾರ ಬೇಕು, ಅಂದರೆ ಮೂರೂವರೆ ತಿಂಗಳು. ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 17ರ ಹೊತ್ತಿಗಾದರೂ ಶುರು ಮಾಡಿರಬೇಕು. ಜನವರಿಯಲ್ಲಿ ಸಂಕ್ರಾಂತಿ ಮುಗಿಸಿಕೊಂಡು ಸೇರಿದವರು ಒಂದು ದಿನವೂ ರಜೆ ಹಾಕದೆ ಓಡಿಸಿದರೂ ಆ ವರ್ಷ ಒಂದು ಕಂಪನಿಯಲ್ಲಿ 90 ಮುಟ್ಟಲ್ಲ. ಏಪ್ರಿಲ್ 1ಕ್ಕೆ ಎಣಿಕೆ ಮತ್ತೆ ಸೊನ್ನೆಯಿಂದ.

ನನ್ನ ಪ್ರಕಾರ ಅತಿ ಹೆಚ್ಚು ಪೆಟ್ಟು ಬೀಳುವುದು ಮಧ್ಯದಲ್ಲಿ ಕಂಪನಿ ಬದಲಾಯಿಸಬೇಕಾದವರಿಗೆ. ಒಂದು ಕಡೆ 80 ದಿನ ಆಗಿದೆ, ಅಷ್ಟರಲ್ಲಿ ಕಂಪನಿ ಆ್ಯಪ್‌ನಲ್ಲಿ ಐಡಿ ಬ್ಲಾಕ್ ಮಾಡಿತು ಅಂದುಕೊಳ್ಳಿ. ಬೇರೆ ಕಡೆ ಸೇರಿ ಇನ್ನೂ 30 ದಿನ ಓಡಿಸಿದರು. ಒಟ್ಟು 110. ಮೊದಲಿನ ಕಡೆ ಇನ್ನು ಹತ್ತು ದಿನ ಸಿಕ್ಕಿದ್ದರೆ 90ಕ್ಕೇ ಅರ್ಹರಾಗುತ್ತಿದ್ದರು. ಈಗ 110 ಇದ್ದರೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಾಸ್ತಿ ದುಡಿದವರು ಹೊರಗೆ, ಕಡಿಮೆ ದುಡಿದವರು ಒಳಗೆ ಆಗುವ ನಿಯಮವನ್ನು ಸರಿಪಡಿಸುವುದು ನ್ಯಾಯ. ನಾಟಿ ಸಮಯದಲ್ಲಿ, ಕಬ್ಬು ಕಡಿಯುವಾಗ ಊರಿಗೆ ಹೋಗಿ ಮತ್ತೆ ಬರುವ ಮಂಡ್ಯದ ಕಡೆಯವರಿಗೂ ಇದೇ ತೊಂದರೆ. ವಾಪಸ್ ಬಂದಾಗ ಆರ್ಡರ್ ಚೆನ್ನಾಗಿ ಬರುವ ಆ್ಯಪ್‌ಗೆ ಹೋದರೆ 120ರ ಲೆಕ್ಕಕ್ಕೆ ಬೀಳುತ್ತಾರೆ.

ಹಾಗಾದರೆ ಹಳೆಯ ಗುತ್ತಿಗೆದಾರರ ಹಾಗೆ ಕಂಪನಿಗಳೂ 89ಕ್ಕೇ ಬ್ರೇಕ್ ಕೊಡುತ್ತವಾ? ಆ ಭಯ ಅಷ್ಟಾಗಿ ಬೇಡ. ಸಂಹಿತೆ ಪ್ರಕಾರ ಕಂಪನಿ ಕೊಡಬೇಕಾದದ್ದು ವರ್ಷದ ವಹಿವಾಟಿನ 1ರಿಂದ 2 ಶೇಕಡ, ಅದೂ ಕಾರ್ಮಿಕರಿಗೆ ಕೊಡುವ ಮೊತ್ತದ 5 ಶೇಕಡ ಮೀರದಂತೆ. ಎಷ್ಟು ಜನ 90 ದಾಟಿದರು ಅನ್ನುವುದರ ಮೇಲೆ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾಗಿ ಬೇಕಂತಲೇ ತಡೆಯುವುದರಿಂದ ಕಂಪನಿಗೆ ಲಾಭ ಇಲ್ಲ. ದಿನಗಳು ಕೈತಪ್ಪುವುದು ಬೇರೆ ಕಾರಣಗಳಿಗೆ: ಆ್ಯಪ್‌ನಲ್ಲಿ ಕೆಲಸದ ಸ್ಲಾಟ್ ಸಿಗದಿರುವುದು, ಜ್ವರ, ಗಾಡಿ ರಿಪೇರಿ, ಗ್ರಾಹಕರ ಒಂದು ದೂರು.

ರಾಜ್ಯದ ಕಾಯ್ದೆಯ ದಾರಿ ಬೇರೆ

ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ವಿಧಾನಮಂಡಲದಲ್ಲಿ ಅದನ್ನೇ ಕಾಯ್ದೆ ಮಾಡಿತು. ಇಲ್ಲಿ ದಿನದ ಬದಲು ಆರ್ಡರ್ ಲೆಕ್ಕ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ 1ರಿಂದ 5 ಶೇಕಡದ ಒಳಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಅದು ಕಲ್ಯಾಣ ಮಂಡಳಿಯ ನಿಧಿಗೆ ಹೋಗುತ್ತದೆ. ಕಾರ್ಮಿಕರ ವಿವರವನ್ನು ಕಂಪನಿಯೇ ಮಂಡಳಿಗೆ ಕೊಡಬೇಕು, ಪ್ರತಿಯೊಬ್ಬರಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಸಿಗಬೇಕು.

ಇನ್ನೊಂದು ಮುಖ್ಯ ಅಂಶ ಐಡಿ ಬ್ಲಾಕ್‌ಗೆ ಸಂಬಂಧಿಸಿದ್ದು. ಒಬ್ಬರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬರೆದು 14 ದಿನ ಮುಂಚೆ ತಿಳಿಸಬೇಕು. ರಾತ್ರಿ ಮಲಗುವಾಗ ಇದ್ದ ಕೆಲಸ ಬೆಳಗ್ಗೆ ಆ್ಯಪ್ ತೆರೆದಾಗ ಇಲ್ಲ ಅನ್ನುವ ಸ್ಥಿತಿಗೆ ಇದು ಮದ್ದು. ಮೇಲೆ ಹೇಳಿದ 80 ದಿನದ ಉದಾಹರಣೆಗೆ ಇದನ್ನು ಸೇರಿಸಿ ನೋಡಿ. ನೋಟಿಸಿನ 14 ದಿನ ಓಡಿಸಲು ಬಿಟ್ಟರೆ 90 ದಾಟಿಯೇ ಬಿಡುತ್ತದೆ. ಆದರೆ ರಾಜ್ಯದ ಕಾಯ್ದೆಯೂ ಯಾರನ್ನೂ ನೌಕರರನ್ನಾಗಿ ಮಾಡುವುದಿಲ್ಲ. ಕನಿಷ್ಠ ವೇತನ, ಪಿಎಫ್, ಸಂಬಳದ ರಜೆ ಇದರಿಂದ ಸಿಗಲ್ಲ.

ಕಂಪನಿ ಹೇಳುವುದು, ಯೂನಿಯನ್ ಹೇಳುವುದು

ಇವರು ನಮ್ಮ ಪಾರ್ಟ್‌ನರ್‌ಗಳು ಅನ್ನುತ್ತವೆ ಕಂಪನಿಗಳು. ಬೇಕಾದಾಗ ಲಾಗಿನ್ ಆಗಬಹುದು, ಬೇಡವಾದಾಗ ಬಿಡಬಹುದು. ನೌಕರರು ಅಂತ ಮಾಡಿದರೆ ಈ ಸ್ವಾತಂತ್ರ್ಯ ಹೋಗುತ್ತದೆ, ಅಷ್ಟು ಜನಕ್ಕೆ ಕೆಲಸವೂ ಇರಲ್ಲ ಅನ್ನುವುದು ಅವುಗಳ ವಾದ. ಕಾಲೇಜು ಹುಡುಗರನ್ನು, ಎರಡನೇ ಆದಾಯಕ್ಕೆ ಓಡಿಸುವವರನ್ನು ನೋಡಿದರೆ ಈ ಮಾತಿನಲ್ಲಿ ಹುರುಳಿದೆ.

ಯೂನಿಯನ್‌ಗಳು ಕೇಳುವುದು: ರೇಟ್ ಕಾರ್ಡ್ ನಿಮ್ಮದು, ದಾರಿ ನಿಮ್ಮದು, ಟೀ ಶರ್ಟು ನಿಮ್ಮದು, ಆರ್ಡರ್ ಬಿಟ್ಟರೆ ಇನ್ಸೆಂಟಿವ್ ಕಟ್ ಮಾಡುವವರು ನೀವು, ಹಾಗಿದ್ದ ಮೇಲೆ ನೀವು ಮಾಲೀಕರಲ್ಲವಾ? ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರ ವಿಷಯದಲ್ಲಿ ಇದೇ ದಾರಿಯಲ್ಲಿ ಯೋಚಿಸಿ, ಅವರಿಗೆ ಕನಿಷ್ಠ ವೇತನ ಮತ್ತು ಸಂಬಳದ ರಜೆ ಸಿಗಬೇಕು ಎಂದಿತು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಒಂದೇ ಆ್ಯಪ್‌ಗೆ ದುಡಿಯುವವರ ಮಟ್ಟಿಗೆ ಯೂನಿಯನ್‌ಗಳ ಪ್ರಶ್ನೆಗೆ ಕಂಪನಿಗಳು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ಸರ್ಕಾರ ನಡುವಿನ ದಾರಿ ಹಿಡಿದಿದೆ. ನೌಕರರಲ್ಲ, ಆದರೆ ರಕ್ಷಣೆ ಇರಲಿ. ನೀತಿ ಆಯೋಗದ 2022ರ ವರದಿ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದಾರೆ, 2029–30ಕ್ಕೆ ಅದು 2.35 ಕೋಟಿ ಆಗಬಹುದು ಅಂದಿತ್ತು. ಇಷ್ಟು ಜನರನ್ನು ಪೂರ್ತಿ ಕಾನೂನಿನ ಹೊರಗೆ ಬಿಡಲೂ ಆಗಲ್ಲ, ಒಂದೇ ಏಟಿಗೆ ನೌಕರರನ್ನಾಗಿ ಮಾಡಲು ಸರ್ಕಾರಕ್ಕೆ ಧೈರ್ಯವೂ ಇಲ್ಲ.

ಸರದಿ ಇರುವ ಕಡೆ

ನಮ್ಮ ಅಂಚೆ ಇಲಾಖೆಯನ್ನೇ ನೋಡಿ. ಹಳ್ಳಿಗಳಲ್ಲಿ ಟಪಾಲು ಹಂಚುವ ಗ್ರಾಮೀಣ ಡಾಕ್ ಸೇವಕರು ದಿನಕ್ಕೆ ನಾಲ್ಕೈದು ಗಂಟೆಯ ಕೆಲಸದವರು. ಅವರೂ ಪೂರ್ತಿ ಸರ್ಕಾರಿ ನೌಕರರಲ್ಲ. ಆದರೆ ಕೆಲವು ವರ್ಷ ಸೇವೆ ಆದ ಮೇಲೆ ಇಲಾಖೆಯ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆಗುವ ದಾರಿ ಇದೆ. ಅಮೆರಿಕದ ಯುಪಿಎಸ್ ಅನ್ನುವ ಪಾರ್ಸೆಲ್ ಕಂಪನಿಯಲ್ಲಿ ಗೋದಾಮಿನ ಪಾರ್ಟ್‌ಟೈಮ್ ಕೆಲಸಗಾರರು ಸೇವಾ ಹಿರಿತನದ ಪಟ್ಟಿಯಲ್ಲಿ ಕಾದು ಫುಲ್‌ಟೈಮ್ ಚಾಲಕರಾಗುತ್ತಾರೆ. ಆಮೇಲೂ ಪೂರ್ತಿ ಸಂಬಳ ಮುಟ್ಟಲು 4 ವರ್ಷ. ಅಲ್ಲಿ ಯೂನಿಯನ್ ಜೊತೆ ಲಿಖಿತ ಒಪ್ಪಂದ ಇರುವುದರಿಂದ ಹೀಗೆ.

ಎರಡೂ ಕಡೆ ಕಾಯುವುದು ದೀರ್ಘ. ಆದರೆ ಕಾಯುವವರಿಗೆ ತಮ್ಮ ಸರದಿ ಎಲ್ಲಿದೆ ಅಂತ ಗೊತ್ತು. ಆ್ಯಪ್ ಡೆಲಿವರಿಯಲ್ಲಿ ಐದು ವರ್ಷ ಓಡಿಸಿದವರಿಗೂ ನಿನ್ನೆ ಸೇರಿದವರಿಗೂ ಇರುವುದು ಒಂದೇ ಸಾಲು. ಹಳಬರಿಗೆ ಸಿಗುವುದು ಗಲ್ಲಿಗಳ ಪರಿಚಯ ಮಾತ್ರ.

ಮುಂದೆ ಏನಾಗಬಹುದು

ಮೊದಲಿಗೆ, ಕಂಪನಿಗಳ ಮೇಲೆ ಬೀಳುವ ಶುಲ್ಕದಲ್ಲಿ ಒಂದಿಷ್ಟು ಗ್ರಾಹಕರ ಬಿಲ್ಲಿಗೆ ಬರಬಹುದು. ಒಂದು ಆರ್ಡರಿಗೆ ಕಾರ್ಮಿಕರಿಗೆ 40 ರೂಪಾಯಿ ಸಿಕ್ಕರೆ, 5 ಶೇಕಡ ಅಂದರೂ 2 ರೂಪಾಯಿ. ಇದು ಯಾರನ್ನೂ ಮುಳುಗಿಸುವ ಮೊತ್ತವಲ್ಲ.

ಎರಡನೆಯದು, ಕಾರ್ಮಿಕರು ಎರಡು ಮೂರು ಆ್ಯಪ್‌ಗಳ ಬದಲು ಒಂದಕ್ಕೇ ಅಂಟಿಕೊಳ್ಳುವ ಸಾಧ್ಯತೆ ಇದೆ, ಯಾಕೆಂದರೆ 90 ಹತ್ತಿರದ ಗುರಿ. ಹಾಗಾದಾಗ ರೇಟು ಇಳಿಸಿದರೂ ಬಿಟ್ಟು ಹೋಗುವುದು ಕಷ್ಟ. ರಕ್ಷಣೆಗೆ ಅಂತ ಮಾಡಿದ ನಿಯಮವೇ ಕೈ ಕಟ್ಟಿದ ಹಾಗಾಗುತ್ತದೆ.

ಮೂರನೆಯದು ಬಾಡಿಗೆ ಐಡಿ. ತನ್ನ ಐಡಿ ಬ್ಲಾಕ್ ಆದಾಗ ಅಣ್ಣನದೋ ಸ್ನೇಹಿತನದೋ ಐಡಿಯಲ್ಲಿ ಓಡಿಸುವುದು ಈ ಕೆಲಸದಲ್ಲಿ ಹೊಸದೇನಲ್ಲ. ಇಲ್ಲಿಯ ತನಕ ಅದರಿಂದ ದುಡ್ಡು ಹಂಚಿಕೊಳ್ಳುವ ಜಗಳ ಮಾತ್ರ ಬರುತ್ತಿತ್ತು. ಇನ್ನು ಮುಂದೆ ದಿನಗಳು ಆಧಾರ್ ಜೊತೆ ಸೇರಿಕೊಳ್ಳುತ್ತವೆ. ಬೇರೆಯವರ ಐಡಿಯಲ್ಲಿ ಮಳೆಯಲ್ಲಿ ನೆನೆದು ಓಡಿಸಿದ 100 ದಿನವೂ ಮನೆಯಲ್ಲಿ ಕೂತ ಆ ಇನ್ನೊಬ್ಬರ ಖಾತೆಗೆ ಹೋಗುತ್ತವೆ. ರಿಂಗ್ ರಸ್ತೆಯಲ್ಲಿ ಬಿದ್ದು ಕಾಲು ಮುರಿದರೆ, ಆಸ್ಪತ್ರೆಯಲ್ಲಿ ಮಲಗಿರುವವರ ಹೆಸರೇ ಒಂದು, ದಾಖಲೆಯಲ್ಲಿ ಗಾಡಿ ಓಡಿಸುತ್ತಿದ್ದವರ ಹೆಸರೇ ಇನ್ನೊಂದು.